ಎರೆಭೂಮಿಗೆ ಯಾವ ಪಿಕಪ್? ಹೈಲಕ್ಸ್, ವಿ-ಕ್ರಾಸ್, ರಾಪ್ಟರ್, ಟಿಆರ್‌ಎಕ್ಸ್ ಬಗ್ಗೆ ಬಿಚ್ಚಿ ಮಾತಾಡೋಣ

ಜೇವರ್ಗಿ_ತೊಗರಿ

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲ ಜೇವರ್ಗಿ ತಾಲೂಕಿನಲ್ಲಿದೆ, ಭೀಮಾ ನದಿಯಿಂದ ದೂರವಿಲ್ಲ. ಪೂರ್ತಿ ಎರೆಭೂಮಿ, ಕಪ್ಪು ಜೇಡಿಮಣ್ಣು. ಮನೆ ಕಲಬುರಗಿಯಲ್ಲಿ. ಡಾಂಬರು ಮುಗಿದ ಮೇಲೆ ಶೆಡ್‌ವರೆಗೆ ಬರೀ ಬಂಡಿದಾರಿ. ಬೇಸಿಗೆಯಲ್ಲಿ ಯಾವ ಕಾರೂ ಆರಾಮಾಗಿ ಹೋಗುತ್ತದೆ. ಮಳೆಗಾಲ ಶುರುವಾದರೆ ಟ್ರ್ಯಾಕ್ಟರ್ ಬಿಟ್ಟು ಬೇರೆ ಯಾವುದೂ ಒಳಗೆ ಹೋಗುವುದಿಲ್ಲ.

ಒಂದೇ ಗಾಡಿ ಇಡಬೇಕು ಎಂದುಕೊಂಡಿದ್ದೇನೆ. ಹೊಲಕ್ಕೆ ಗೊಬ್ಬರದ ಚೀಲ, ಔಷಧಿ ಡಬ್ಬಿ, ರಿಪೇರಿಗೆ ಬಿಚ್ಚಿದ ಮೋಟಾರು ಒಯ್ಯಬೇಕು. ಅದೇ ಗಾಡಿಯಲ್ಲಿ ಅವ್ವನನ್ನು ಹೈದರಾಬಾದ್ ಆಸ್ಪತ್ರೆಗೂ ಕರೆದುಕೊಂಡು ಹೋಗಬೇಕು. ಅದಕ್ಕೇ ಎರಡು ಸಾಲು ಸೀಟಿನ ಡಬಲ್ ಕ್ಯಾಬ್, ನಾಲ್ಕೂ ಗಾಲಿ ಎಳೆಯುವ 4x4 ಪಿಕಪ್ ಕಡೆ ಮನಸ್ಸು ಹೋಗಿದೆ.

ಇನ್ನೊಂದು ವಿಷಯ. ನನ್ನ ಮಗ ದಿನಾ ಫೋರ್ಡ್ ರಾಪ್ಟರ್, ರ‍್ಯಾಮ್ ಟಿಆರ್‌ಎಕ್ಸ್ ಎಂಬ ಅಮೆರಿಕದ ದೊಡ್ಡ ಪಿಕಪ್‌ಗಳ ವಿಡಿಯೋ ನೋಡುತ್ತಾನೆ. "ಅಪ್ಪಾ, 700 ಕುದುರೆ ಶಕ್ತಿಯ ಗಾಡಿಗೆ ನಮ್ಮ ರಾಡಿ ಯಾವ ಲೆಕ್ಕ" ಅಂತಾನೆ. ಅವನಿಗೆ ನಾನು ಸರಿಯಾದ ಉತ್ತರ ಕೊಡಬೇಕು. ಆ ಗಾಡಿಗಳಲ್ಲಿ ನಿಜವಾಗಿ ಇರುವುದೇನು? ಅದರಲ್ಲಿ ಎಷ್ಟು ನಮ್ಮ ನೆಲದಲ್ಲಿ ಕೆಲಸಕ್ಕೆ ಬರುತ್ತದೆ? ಗೊತ್ತಿದ್ದವರು ತಿಳಿಸಿ.

ಹುಮನಾಬಾದ್_ಟು_ಶಾರ್ಜಾ

ಅಣ್ಣಾ, ನಾನು ಹುಮನಾಬಾದ್ ಕಡೆಯವನು. ಈಗ ಶಾರ್ಜಾದಲ್ಲಿ ಸಸ್ಪೆನ್ಷನ್ ಕೆಲಸ ಮಾಡುತ್ತೇನೆ. ನಿಮ್ಮ ಮಗ ನೋಡುವ ಗಾಡಿಗಳು ನಮ್ಮ ಲಿಫ್ಟ್ ಮೇಲೆ ಬರುತ್ತಲೇ ಇರುತ್ತವೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ಟಿಆರ್‌ಎಕ್ಸ್. 2021ರ ಮಾದರಿಯಾಗಿ ಬಂತು. 6.2 ಲೀಟರ್ ಸೂಪರ್‌ಚಾರ್ಜ್ಡ್ ವಿ8 ಪೆಟ್ರೋಲ್ ಎಂಜಿನ್, 702 ಕುದುರೆ ಶಕ್ತಿ. ಗಾಡಿಯ ತೂಕ ಹತ್ತಿರ ಹತ್ತಿರ 2.9 ಟನ್. ಎಫ್-150 ರಾಪ್ಟರ್‌ದು ಬೇರೆ ದಾರಿ. ಅದರಲ್ಲಿ 3.5 ಲೀಟರ್ ಟ್ವಿನ್ ಟರ್ಬೊ ವಿ6, 450 ಕುದುರೆ ಶಕ್ತಿ. ಬಾಡಿ ಅಲ್ಯೂಮಿನಿಯಂ, ಹಾಗಾಗಿ ಹಗುರ. ಟಿಆರ್‌ಎಕ್ಸ್‌ಗೆ ಎದುರಾಗಿ ಫೋರ್ಡ್ 2023ರ ಮಾದರಿಯಾಗಿ ರಾಪ್ಟರ್ ಆರ್ ತಂದಿತು. ಅದರಲ್ಲಿ 5.2 ಲೀಟರ್ ಸೂಪರ್‌ಚಾರ್ಜ್ಡ್ ವಿ8, 700 ಕುದುರೆ ಶಕ್ತಿ.

ಜನ ಎಂಜಿನ್ ಬಗ್ಗೆಯೇ ಮಾತಾಡುತ್ತಾರೆ. ಅಸಲಿ ದುಡ್ಡು ಹೋಗಿರುವುದು ಗಾಲಿಯ ಹಿಂದೆ. ರಾಪ್ಟರ್‌ನ ಫಾಕ್ಸ್ ಶಾಕ್ ಅಬ್ಸಾರ್ಬರ್ 3.1 ಇಂಚು ದಪ್ಪ, ಪಕ್ಕದಲ್ಲಿ ಎಣ್ಣೆಗೆ ಬೇರೆ ಕೊಳವೆ. ಯಾಕೆ ಬೇಕು ಅಷ್ಟು? ಮರಳುಗಾಡಿನ ಅಲೆಅಲೆಯಾದ ನೆಲದ ಮೇಲೆ 100ರ ವೇಗದಲ್ಲಿ ಹೋದರೆ ಶಾಕ್ ಒಂದೇ ಸಮನೆ ಮೇಲೆ ಕೆಳಗೆ ಆಡುತ್ತದೆ. ಒಳಗಿನ ಎಣ್ಣೆ ಕಾಯುತ್ತದೆ. ಕಾದ ಎಣ್ಣೆ ತೆಳ್ಳಗಾಗಿ ಹಿಡಿತ ಬಿಡುತ್ತದೆ. ಸಾಮಾನ್ಯ ಪಿಕಪ್‌ನ ಶಾಕ್ ಸ್ವಲ್ಪ ದೂರದಲ್ಲೇ ಸೋತು ಗಾಡಿ ಕುಣಿಯತೊಡಗುತ್ತದೆ. ಈ ಗಾಡಿಗಳಲ್ಲಿ ಎಣ್ಣೆ ಜಾಸ್ತಿ, ಶಾಖ ಹೊರಹಾಕುವ ಜಾಗವೂ ಜಾಸ್ತಿ. ಓಡುವಾಗಲೇ ಶಾಕ್ ಎಷ್ಟು ಗಟ್ಟಿಯಾಗಬೇಕು ಎಂದು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಗಾಲಿ ಒಂದು ಅಡಿಗೂ ಮೀರಿ ಮೇಲೆ ಕೆಳಗೆ ಹೋಗುತ್ತದೆ.

ಈಗ ಅದರ ಬೆಲೆ ಕೇಳಿ. ರೂಪಾಯಿಯ ಬೆಲೆ ಅಲ್ಲ. ಸಾಮಾನ್ಯ ರ‍್ಯಾಮ್ 1500ರಲ್ಲಿ, ಅಂದರೆ ಟಿಆರ್‌ಎಕ್ಸ್‌ನ ಮೂಲ ಗಾಡಿಯಲ್ಲಿ, ಸರಿಯಾದ ಮಾದರಿ ಆರಿಸಿಕೊಂಡರೆ ಒಂದು ಟನ್‌ವರೆಗೆ ಭಾರ ಹೊರುತ್ತದೆ. ಟಿಆರ್‌ಎಕ್ಸ್ ಹೊರುವುದು 600 ಕೆ.ಜಿ.ಗೂ ಕಡಿಮೆ. ಆಸ್ಟ್ರೇಲಿಯಾದಲ್ಲಿ ಫೋರ್ಡ್‌ನ ಇನ್ನೊಂದು ಪಿಕಪ್, ಸಾಮಾನ್ಯ ರೇಂಜರ್, 3,500 ಕೆ.ಜಿ. ಎಳೆಯುತ್ತದೆ. ಅದೇ ಗಾಡಿಯ ಅಣ್ಣ ರೇಂಜರ್ ರಾಪ್ಟರ್, 397 ಪಿಎಸ್ (ಇದೂ ಕುದುರೆ ಶಕ್ತಿಯ ಲೆಕ್ಕವೇ) ಇದ್ದರೂ, 2,500 ಮಾತ್ರ ಎಳೆಯುತ್ತದೆ. ಯಾಕೆಂದರೆ ಹಿಂದೆ ಪಾಟಾ (ಲೀಫ್ ಸ್ಪ್ರಿಂಗ್) ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಿದ್ದಾರೆ. ಓಡುವುದಕ್ಕೆ ಮೆತ್ತಗಿರಬೇಕು, ಹೊರುವುದಕ್ಕೆ ಗಟ್ಟಿಯಿರಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲ.

ನನ್ನನ್ನು ಕೇಳಿದರೆ ಇಲ್ಲಿನ ಮರಳಿಗೆ ಟಿಆರ್‌ಎಕ್ಸ್‌ಗಿಂತ ವಿ6 ರಾಪ್ಟರ್ ಮೇಲು. ಮೂಗು ಹಗುರ, ದಿಣ್ಣೆ ಇಳಿಯುವಾಗ ಮುಂದೆ ಹೂತುಕೊಳ್ಳುವುದು ಕಡಿಮೆ. ಆವರೇಜ್ ಕೂಡ ವ್ಯತ್ಯಾಸ ಇದೆ. ಅಮೆರಿಕದ ಸರ್ಕಾರಿ ಲೆಕ್ಕದಲ್ಲಿ ಟಿಆರ್‌ಎಕ್ಸ್ ಲೀಟರ್‌ಗೆ ಸುಮಾರು 5 ಕಿ.ಮೀ., ರಾಪ್ಟರ್ 6ರಿಂದ 7.

ಸುರಪುರ_33

ಶಾರ್ಜಾ ಅಣ್ಣಾ, ಇಷ್ಟು ಚೆನ್ನಾಗಿ ಯಾರೂ ಬಿಡಿಸಿ ಹೇಳಿರಲಿಲ್ಲ. ಒಂದೆರಡು ಮಾತು ಸೇರಿಸುತ್ತೇನೆ.

ಟಿಆರ್‌ಎಕ್ಸ್ ಅಗಲ 2.2 ಮೀಟರ್‌ಗೂ ಜಾಸ್ತಿ, ಉದ್ದ 5.9 ಮೀಟರ್. ನಮ್ಮ ಕಡೆ ಎರಡು ಹೊಲಗಳ ಬದುವಿನ ನಡುವಿನ ದಾರಿ ಒಂದು ಬಂಡಿ ಹಿಡಿಸುವಷ್ಟೇ ಇರುತ್ತದೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರೋ ಒಬ್ಬರು ಹಿಂದಕ್ಕೆ ಹೋಗಬೇಕು. ಇನ್ನು ಎಫ್-150 ರಾಪ್ಟರ್, ಟಿಆರ್‌ಎಕ್ಸ್ ಎರಡಕ್ಕೂ ಸ್ಟೀರಿಂಗ್ ಎಡಗಡೆ. 1988ರ ಮೋಟಾರು ವಾಹನ ಕಾಯ್ದೆಯ 120ನೇ ಕಲಂ ಅಂಥ ಗಾಡಿಯನ್ನು ಸುಮ್ನೆ ರಸ್ತೆಗೆ ಬಿಡುವುದಿಲ್ಲ. ರೇಂಜರ್ ರಾಪ್ಟರ್ ಬಲಗಡೆ ಸ್ಟೀರಿಂಗ್‌ನಲ್ಲಿ ಸಿಗುತ್ತದೆ, ಆದರೆ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲೇ ಘೋಷಿಸಿ, ಆಮೇಲೆ ನಿಲ್ಲಿಸಿತು. ಆಮದು ಮಾಡಿಕೊಂಡರೂ ಬಿಡಿಭಾಗಕ್ಕೆ ಎಲ್ಲಿಗೆ ಹೋಗೋದು?

ಜೇವರ್ಗಿ ಅಣ್ಣಾ, ಕೊನೆಗೆ ನಿಮ್ಮ ಮುಂದೆ ಉಳಿಯುವುದು ಟೊಯೋಟಾ ಹೈಲಕ್ಸ್ ಮತ್ತು ಇಸುಜು ವಿ-ಕ್ರಾಸ್. ನಾನು ವಿ-ಕ್ರಾಸ್ ಪರ. ನಮ್ಮದು ನಾರಾಯಣಪುರ ಎಡದಂಡೆ ಕಾಲುವೆಯ ಭತ್ತದ ಸೀಮೆ. ಕಾಲುವೆ ರಸ್ತೆಯ ಮೇಲೆ ಯಾವಾಗಲೂ ನೀರು ಜಿನುಗುತ್ತದೆ. ಅಲ್ಲಿ ನನ್ನ ವಿ-ಕ್ರಾಸ್ ನಿಲ್ಲದೆ ಓಡಾಡುತ್ತಿದೆ.

ಕೆಎ32_ಗ್ಯಾರೇಜ್

ಎಂಜಿನ್ ಮಾತು ಆಮೇಲೆ. ಮೊದಲು ಮಣ್ಣಿನ ಮಾತು. ಇದನ್ನು ಬಿಟ್ಟರೆ ಎಂಥ ಗಾಡಿ ತಂದರೂ ಹೂತುಕೊಳ್ಳುತ್ತದೆ.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಜಾಸ್ತಿ. ಅದು ಪದರ ಪದರವಾಗಿರುತ್ತದೆ, ಪದರಗಳ ನಡುವೆ ನೀರು ಎಳೆದುಕೊಂಡು ಉಬ್ಬುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದೂ ಅದಕ್ಕೇ, ಮಳೆಯಲ್ಲಿ ಚಪ್ಪಲಿ ಕಿತ್ತುಕೊಳ್ಳುವುದೂ ಅದಕ್ಕೇ. ಮರಳಿನಲ್ಲಿ ಟೈರಿನ ಗಾಳಿ ಇಳಿಸಿದರೆ ಗಾಡಿ ತೇಲಿದ ಹಾಗೆ ಹೋಗುತ್ತದೆ. ಎರೆಯಲ್ಲಿ ಆ ಉಪಾಯ ಅಷ್ಟು ನಡೆಯುವುದಿಲ್ಲ, ಯಾಕೆಂದರೆ ಇಲ್ಲಿ ಸಮಸ್ಯೆ ಅಂಟು.

ಏನಾಗುತ್ತದೆ ನೋಡಿ. ಗಾಲಿ ಮೊದಲ ನಾಲ್ಕು ಸುತ್ತು ಸರಿಯಾಗಿ ಹಿಡಿಯುತ್ತದೆ. ಅಷ್ಟರಲ್ಲಿ ಟೈರಿನ ಕಚ್ಚುಗಳ ನಡುವೆ ಮಣ್ಣು ತುಂಬಿಕೊಳ್ಳುತ್ತದೆ. ಕಚ್ಚು ಮುಚ್ಚಿದ ಟೈರು ಸವೆದ ಟೈರಿಗೆ ಸಮ. ಆಮೇಲೆ ಮಣ್ಣು ಪದರ ಪದರವಾಗಿ ದಪ್ಪವಾಗುತ್ತಾ ಮಡ್‌ಗಾರ್ಡ್ ಒಳಗೆ ತಗಲುತ್ತದೆ. ಅದರಲ್ಲಿ ತೊಗರಿ ಕಡ್ಡಿ, ಹರಳು ಸೇರಿ ಗಾಲಿಗೇ ಬ್ರೇಕ್ ಹಾಕಿದ ಹಾಗೆ ಆಗುತ್ತದೆ. ಇಂಥ ಕಡೆ 700 ಕುದುರೆ ಶಕ್ತಿ ಕೊಟ್ಟರೆ ಗಾಲಿ ಇನ್ನೂ ಜೋರಾಗಿ ತಿರುಗಿ ಇನ್ನೂ ಆಳಕ್ಕೆ ಇಳಿಯುತ್ತದೆ. ಬೇಕಾಗಿರುವುದು ಮೂರು: ನಿಧಾನವಾಗಿ ಎಳೆಯುವ ಲೋ ಗೇರ್, ಕಚ್ಚುಗಳ ನಡುವೆ ಜಾಸ್ತಿ ಜಾಗ ಇರುವ ಮಡ್ ಟೈರು, ಹಗುರವಾದ ಗಾಡಿ. ಮೂರನೆಯದರಲ್ಲಿ ಎಲ್ಲ ಪಿಕಪ್‌ಗಳೂ ಸೋಲುತ್ತವೆ. ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಕಂಪನಿಯಿಂದ ಬರುವ ಟೈರು ಹೈವೇಗೆ ಮಾಡಿದ್ದು. ಮಡ್ ಟೈರು ಹಾಕಿದರೆ ಹೈದರಾಬಾದ್ ರಸ್ತೆಯಲ್ಲಿ ಗುಂಯ್ ಎನ್ನುವ ಸದ್ದು, ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಿಡಿತ ಸ್ವಲ್ಪ ಕಡಿಮೆ, ಆವರೇಜ್ ಕಡಿಮೆ. ನಡುವಿನದು ಆಲ್ ಟೆರೇನ್ ಟೈರು. ಮುರುಮ್ (ಗರಸು ಮಣ್ಣಿನ) ದಾರಿಗೆ, ಹುಲ್ಲಿಗೆ, ಹರಳಿಗೆ ಅದು ಚೆನ್ನಾಗಿದೆ. ಹಸಿ ಎರೆಗೆ ಅರ್ಧ ಮಾತ್ರ.

ಜೇವರ್ಗಿ_ತೊಗರಿ

ಗ್ಯಾರೇಜ್ ಅಣ್ಣಾ, ಇದನ್ನು ಮಗನಿಗೆ ಓದಿ ಹೇಳಿದೆ. "ಹಂಗಾದ್ರ ಡಿಫ್ ಲಾಕ್ ಇದ್ರೆ?" ಅಂತ ಕೇಳಿದ. ಅವನ ಪ್ರಶ್ನೆ ನನ್ನದೂ ಹೌದು.

ಕೆಎ32_ಗ್ಯಾರೇಜ್

ಒಳ್ಳೆಯ ಪ್ರಶ್ನೆ. ಡಿಫರೆನ್ಷಿಯಲ್ ಎಂಬುದು ತಿರುವಿನಲ್ಲಿ ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲಿ ಎಂದು ಇರುವುದು. ಅದರ ದೋಷ ಏನೆಂದರೆ, ಒಂದು ಗಾಲಿ ಹಿಡಿತ ಕಳೆದುಕೊಂಡರೆ ತಿರುಗುವುದೆಲ್ಲ ಅದರ ಪಾಲಿಗೇ ಹೋಗುತ್ತದೆ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಗಾಲಿ ಸುಮ್ಮನೆ ನಿಂತಿರುತ್ತದೆ. ಲಾಕ್ ಹಾಕಿದರೆ ಎರಡೂ ಒಟ್ಟಿಗೆ ತಿರುಗಲೇಬೇಕು. ಒಂದು ಗಾಲಿ ಬದುವಿನ ಮೇಲೆ, ಇನ್ನೊಂದು ರಾಡಿಯಲ್ಲಿ ಇದ್ದಾಗ ಇದು ಜೀವ ಉಳಿಸುತ್ತದೆ. ನಾಲ್ಕೂ ರಾಡಿಯಲ್ಲಿದ್ದರೆ ಲಾಕ್ ಏನು ಮಾಡೀತು?

ಹೈಲಕ್ಸ್‌ನಲ್ಲಿ ಹಿಂದಿನ ಡಿಫ್ ಲಾಕ್ ಕಂಪನಿಯಿಂದಲೇ ಬರುತ್ತದೆ. ವಿ-ಕ್ರಾಸ್ ನೋಡುವವರು ತಮ್ಮ ವೇರಿಯಂಟ್‌ನಲ್ಲಿ ಇದೆಯೋ ಇಲ್ಲವೋ ಎಂದು ಷೋರೂಂನಲ್ಲಿ ಕೇಳಿ, ಸ್ವಿಚ್ ಮುಟ್ಟಿ ನೋಡಿಕೊಳ್ಳಬೇಕು. ಎರಡೇ ಗಾಲಿ ಎಳೆಯುವ 4x2 ವಿ-ಕ್ರಾಸ್ ಕೂಡ ಇದೆ, ಅದರ ಬಗ್ಗೆಯೂ ಎಚ್ಚರ.

ಇನ್ನೊಂದು. ಎರಡರಲ್ಲೂ 4x4 ಬೇಕಾದಾಗ ಮಾತ್ರ ಹಾಕುವಂಥದ್ದು. ಒಣ ಡಾಂಬರಿನ ಮೇಲೆ ನಾಲ್ಕೂ ಗಾಲಿ ಎಳೆಯುವ 4ಎಚ್‌ನಲ್ಲಿ ಓಡಿಸಬೇಡಿ. ಮುಂದಿನ ಹಿಂದಿನ ಶಾಫ್ಟ್ ಒಂದನ್ನೊಂದು ಎಳೆದಾಡಿ ಗೇರ್‌ಗಳಿಗೆ ಪೆಟ್ಟು ಬೀಳುತ್ತದೆ.

ಬೀದರ್_ಕೆಂಪುಮಣ್ಣು

ನಾನು ಪಶುವೈದ್ಯೆ. ಭಾಲ್ಕಿ, ಔರಾದ್ ಕಡೆ ದೇವಣಿ ದನಗಳನ್ನು ನೋಡಲು ಓಡಾಡುತ್ತೇನೆ. ದೊಡ್ಡ ಡಬಲ್ ಕ್ಯಾಬ್ ಪಿಕಪ್ ದಿನಾ ಓಡಿಸುವವಳು. ಜೇವರ್ಗಿ ಅಣ್ಣನವರು ಅವ್ವನನ್ನು ಕರೆದೊಯ್ಯುವ ಮಾತು ಬರೆದಿದ್ದೀರಿ. ಅದರ ಬಗ್ಗೆ ಇನ್ನೂ ಯಾರೂ ಹೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೈಲಕ್ಸ್ ಇರಲಿ, ವಿ-ಕ್ರಾಸ್ ಇರಲಿ, ಹಿಂದೆ ಪಾಟಾ. ಪಾಟಾ ಭಾರಕ್ಕೆ ಮಾಡಿದ್ದು. ಖಾಲಿ ಇದ್ದಾಗ ಬಗ್ಗುವುದೇ ಇಲ್ಲ. ಹಂಪ್ ಹಾರಿದರೆ ಹಿಂದಿನ ಸೀಟಿನಲ್ಲಿ ಕುಳಿತವರ ಸೊಂಟಕ್ಕೆ ನೇರ ಪೆಟ್ಟು. ಹಿಂದಿನ ಸೀಟಿನ ಬೆನ್ನು ಕಾರಿನಷ್ಟು ಒರಗುವುದೂ ಇಲ್ಲ. ವಯಸ್ಸಾದವರಿಗೆ ಹತ್ತಿ ಇಳಿಯಲು ಪಕ್ಕದ ಮೆಟ್ಟಿಲು ಬೇಕೇ ಬೇಕು. ನಿಮ್ಮ ಅವ್ವನನ್ನು ಮುಂದೆ ಕೂರಿಸಿ, ಹಿಂದೆ ಬೇಡ.

ನಾನು ಹಿಂದಿನ ಆಕ್ಸಲ್ ಮೇಲೆ ಬರುವ ಹಾಗೆ ಮರಳಿನ ಚೀಲ ಕಟ್ಟಿರುತ್ತೇನೆ. ಕುಲುಕಾಟ ಕಡಿಮೆಯಾಗುತ್ತದೆ, ಒದ್ದೆ ರಸ್ತೆಯಲ್ಲಿ ಹಿಂದಿನ ಗಾಲಿ ಜಾರುವುದೂ ಕಡಿಮೆ. ಚೀಲಗಳನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಬೇಕು, ಸಡಿಲ ಬಿಟ್ಟರೆ ಬ್ರೇಕ್ ಹೊಡೆದಾಗ ಮುಂದೆ ನುಗ್ಗುತ್ತವೆ.

ಇನ್ನು ಬೀದರ್ ನೆಲ ಬೇರೆ. ನಮ್ಮದು ಕೆಂಪು ಜಂಬಿಟ್ಟಿಗೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ನೀರು ಇಳಿದು ನೆಲ ಗಟ್ಟಿಯಾಗುತ್ತದೆ. ಬೀದರ್ ಸುತ್ತ ಆಲ್ ಟೆರೇನ್ ಟೈರು ಸಾಕು. ಕಾರಂಜಾ ಹಿನ್ನೀರಿನ ಕಡೆ, ಮಾಂಜ್ರಾ ದಂಡೆಯ ಕಡೆ ಇಳಿದರೆ ಮತ್ತೆ ಅದೇ ಎರೆ. ಒಂದೇ ದಿನದಲ್ಲಿ ಎರಡೂ ನೆಲ ತುಳಿಯುವ ನನಗೆ ಕುದುರೆ ಶಕ್ತಿಗಿಂತ ಟೈರು ದೊಡ್ಡ ವಿಷಯ.

ಶಹಾಬಾದ್_ಫರ್ಸಿ

ತಂಗಿ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಫರ್ಸಿ (ಹಾಸುಗಲ್ಲು) ಗಣಿಯವನು. ನಮ್ಮಲ್ಲಿ ರಾಡಿಗಿಂತ ಕಲ್ಲೇ ಶತ್ರು. ಶಹಾಬಾದ್ ಕಲ್ಲು ಹಲಗೆ ಹಲಗೆಯಾಗಿ ಬಿಡುತ್ತದೆ. ಒಡೆದ ಚೂರಿನ ಅಂಚು ಕತ್ತಿ. ಗಾಡಿ ಮೇಲೆ ಹತ್ತಿದಾಗ ಟೈರಿನ ತುಳಿಯುವ ಭಾಗಕ್ಕೆ ಏನೂ ಆಗುವುದಿಲ್ಲ. ಪಕ್ಕದ ಗೋಡೆ ಸೀಳುತ್ತದೆ. ಅಲ್ಲಿ ಸೀಳಿದರೆ ಪಂಕ್ಚರ್ ಹಾಕಲು ಬರುವುದಿಲ್ಲ, ಟೈರೇ ಎಸೆಯಬೇಕು.

ಜೇವರ್ಗಿ ತಮ್ಮಾ, ನಿಮ್ಮಲ್ಲಿ ಕಲ್ಲಿಲ್ಲ, ಆದರೆ ತೊಗರಿ ಕೂಳೆ ಇದೆ. ಕುಡುಗೋಲಿನಿಂದ ಓರೆಯಾಗಿ ಕೊಯ್ದ ಕೂಳೆ ಒಣಗಿದ ಮೇಲೆ ಮೊಳೆಗಿಂತ ಗಟ್ಟಿ. ಟೈರು ಆರಿಸುವಾಗ ಕಚ್ಚು ಮಾತ್ರ ನೋಡಬೇಡ, ಪಕ್ಕದ ಗೋಡೆ ಎಷ್ಟು ಪದರದ್ದು ಎಂದು ಕೇಳು. ಸ್ಟೆಪ್ನಿ ಕೂಡ ಅದೇ ಅಳತೆಯದು ಇರಲಿ.

ಟೈರು ದೊಡ್ಡದು ಮಾಡಲು ಹೋಗಬೇಡ. ರಾಪ್ಟರ್‌ಗೆ 37 ಇಂಚು ಕಂಪನಿಯೇ ಕೊಡುತ್ತದೆ, ಅದಕ್ಕೆ ತಕ್ಕ ಆಕ್ಸಲ್, ಬ್ರೇಕ್ ಇದೆ. ನಮ್ಮ ಗಾಡಿಗೆ ಹಾಗೆ ಹಾಕಿದರೆ ಬೇರಿಂಗ್ ತಿನ್ನುತ್ತದೆ. ಮುಂದೆ ಕಬ್ಬಿಣದ ಬುಲ್ ಬಾರ್ ಕೂಡ ಬೇಡ. 2017ರಲ್ಲೇ ಕೇಂದ್ರ ಅದನ್ನು ನಿಷೇಧಿಸಿದೆ.

ಸುರಪುರ_33

ಈಗ ಅಂಕಿ ಹಾಕೋಣ. ನೋಡುವವರಿಗೆ ಸುಲಭ.

ಹೈಲಕ್ಸ್: 2.8 ಲೀಟರ್ ಡೀಸೆಲ್, 204 ಪಿಎಸ್. ಮ್ಯಾನುವಲ್‌ನಲ್ಲಿ 420 ಎನ್‌ಎಂ ಟಾರ್ಕ್ (ಎಳೆಯುವ ಬಲ), ಆಟೊಮ್ಯಾಟಿಕ್‌ನಲ್ಲಿ 500. ಉದ್ದ 5,325 ಮಿ.ಮೀ., ಅಗಲ 1,855. ಫಾರ್ಚೂನರ್‌ನದೇ ಎಂಜಿನ್, ಹಾಗಾಗಿ ಬಲ್ಲ ಮೆಕ್ಯಾನಿಕ್ ಸಿಗುತ್ತಾರೆ.

ವಿ-ಕ್ರಾಸ್: 1.9 ಲೀಟರ್ ಡೀಸೆಲ್, 163 ಪಿಎಸ್, 360 ಎನ್‌ಎಂ. ಉದ್ದ, ಅಗಲ ಹೆಚ್ಚು ಕಡಿಮೆ ಅಷ್ಟೇ. ಬೆಲೆ ಹೈಲಕ್ಸ್‌ಗಿಂತ ಹಲವು ಲಕ್ಷ ಕಡಿಮೆ. ಗಾಡಿ ತಯಾರಾಗುವುದು ಆಂಧ್ರದ ಶ್ರೀಸಿಟಿಯಲ್ಲಿ. ಸರ್ವಿಸ್ ಸೆಂಟರ್ ಟೊಯೋಟಾದಷ್ಟು ಊರುಗಳಲ್ಲಿ ಇಲ್ಲ. ಇದು ನಿಜವಾದ ಕೊರತೆ, ನಾನು ಮುಚ್ಚಿಡುವುದಿಲ್ಲ.

ಉಳಿದ ದುಡ್ಡಿನಲ್ಲಿ ಒಳ್ಳೆಯ ಮಡ್ ಟೈರು ಒಂದು ಸೆಟ್, ಅದಕ್ಕೆ ಬೇರೆ ರಿಮ್, ಹೂತ ಗಾಡಿ ಎಳೆದು ತೆಗೆಯುವ ಒಂದು ವಿಂಚ್ ಎಲ್ಲ ಬರುತ್ತದೆ. ರಾಡಿಯಲ್ಲಿ ಅದು 40 ಪಿಎಸ್‌ಗಿಂತ ಜಾಸ್ತಿ ಕೆಲಸ ಮಾಡುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜೀವಮಾನ ತೆರಿಗೆಯೂ ಲೆಕ್ಕ ಹಾಕಿ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಖಾಸಗಿ ಗಾಡಿಗೆ 18%, ಮೇಲೆ ಸೆಸ್ ಬೇರೆ. ಷೋರೂಂ ಬೆಲೆ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ಸೇಡಂ_ರಸ್ತೆ

ನನ್ನದು ಬೇರೆ ಮಾತು. ಯಾಕೆ ಒಂದೇ ಗಾಡಿ? ಈ ಎರಡು ಪಿಕಪ್‌ಗಳೂ ಬಿಳಿ ಬೋರ್ಡಿನ ಗಾಡಿಗಳು. ನೋಡಲು ಲಾರಿಯಷ್ಟು ಕಂಡರೂ ಇಲ್ಲಿನ ನೋಂದಣಿ ಪ್ರಕಾರ ಹೊರಬಹುದಾದ ತೂಕ ಸಣ್ಣದು. ಆರ್‌ಸಿಯಲ್ಲಿ ಒಟ್ಟು ತೂಕ ಮತ್ತು ಖಾಲಿ ತೂಕ ಎರಡೂ ಬರೆದಿರುತ್ತದೆ. ಕಳೆದು ನೋಡಿ, ಅದರಲ್ಲಿ ಐದು ಜನರ ತೂಕವನ್ನೂ ಕಳೆಯಿರಿ. ಎಷ್ಟು ಡಿಎಪಿ ಚೀಲ ಉಳಿಯುತ್ತದೆ? ಒಂದು ಚೀಲಕ್ಕೆ 50 ಕೆ.ಜಿ. ಬೊಲೆರೊ ಪಿಕಪ್‌ನಲ್ಲಿ 1.7 ಟನ್ನಿನ ಮಾದರಿಯೇ ಇದೆ. ಹೈಲಕ್ಸ್‌ನ ದುಡ್ಡಿನಲ್ಲಿ ಒಂದು ಬೊಲೆರೊ ಕ್ಯಾಂಪರ್ 4x4, ಜೊತೆಗೆ ಅವ್ವನಿಗೆ ಮೆತ್ತಗಿನ ಒಂದು ಕಾರು ಎರಡೂ ಬರುತ್ತವೆ.

ಗೊಬ್ಬರ ಹೊರಲು ಹೇಗಿದ್ದರೂ ಟ್ರ್ಯಾಕ್ಟರ್ ಇದೆ ಅಲ್ವಾ?

ಜೇವರ್ಗಿ_ತೊಗರಿ

ಸೇಡಂ ಅಣ್ಣಾ, ನಿಮ್ಮ ಮಾತು ನನ್ನ ಮನೆಯವಳ ಮಾತೂ ಹೌದು. ಕಲಬುರಗಿ ಮನೆಯ ಮುಂದೆ ಎರಡು ಗಾಡಿ ನಿಲ್ಲಿಸುವ ಜಾಗವಿಲ್ಲ, ಅದೇ ತೊಂದರೆ. ಚೀಲ ತುಂಬಾ ಇದ್ದರೆ ಟ್ರ್ಯಾಕ್ಟರ್ ಟ್ರಾಲಿ ಇದ್ದೇ ಇದೆ. ಪಿಕಪ್‌ನಲ್ಲಿ ನಾನು ಒಯ್ಯುವುದು ಕೈಕೆಲಸದ ಸಾಮಾನು, ನಾಲ್ಕೈದು ಚೀಲ, ಮೋಟಾರು.

ಇನ್ನೊಂದು ಕೇಳಬೇಕು. ಹೈಲಕ್ಸ್ 700 ಮಿ.ಮೀ. ನೀರಿನಲ್ಲಿ ಹೋಗುತ್ತದೆ ಎಂದು ಕಂಪನಿ ಹೇಳುತ್ತದೆ. ನಮ್ಮ ದಾರಿಯಲ್ಲಿ ಒಂದು ಹಳ್ಳ ಇದೆ. ಭೀಮಾ ತುಂಬಿದರೆ ಹಳ್ಳದ ನೀರೂ ಹಿಂದಕ್ಕೆ ಒತ್ತುತ್ತದೆ.

ಬೀದರ್_ಕೆಂಪುಮಣ್ಣು

ಅಣ್ಣಾ, ಕೈಮುಗಿದು ಹೇಳುತ್ತೇನೆ, ಆ ಅಂಕಿ ನಂಬಿ ಹಳ್ಳಕ್ಕೆ ಇಳಿಯಬೇಡಿ. 700 ಮಿ.ಮೀ. ನಿಂತ ನೀರಿಗೆ, ನಿಧಾನ ವೇಗಕ್ಕೆ, ಗಟ್ಟಿ ತಳಕ್ಕೆ ಸೇರಿದ ಮಾತು. ಹರಿಯುವ ನೀರು ಎರಡು ಅಡಿ ಇದ್ದರೂ ಎರಡು ಟನ್ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಬಾಡಿಯೊಳಗೆ ಗಾಳಿ ಇರುವುದರಿಂದ ಗಾಡಿ ಅರ್ಧ ತೇಲುತ್ತದೆ, ಗಾಲಿಗೆ ನೆಲದ ಹಿಡಿತ ಉಳಿಯುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ಹೇಗೆ ಬಂದಿತ್ತು ಎಂದು ನಿಮಗೆ ನಾನು ಹೇಳಬೇಕಿಲ್ಲ. ಘತ್ತರಗಿ ಸೇತುವೆಯಂಥದ್ದೇ ಮುಳುಗುತ್ತದೆ. ನೀರಿನ ಕೆಳಗೆ ರಸ್ತೆ ಇದೆಯೋ ಕೊಚ್ಚಿಹೋಗಿದೆಯೋ ಮೇಲಿಂದ ಕಾಣುವುದಿಲ್ಲ. ನೀರು ಇಳಿಯುವವರೆಗೆ ಕಾಯಿರಿ. ಹೊಲ ಎಲ್ಲೂ ಹೋಗುವುದಿಲ್ಲ.

ಹುಮನಾಬಾದ್_ಟು_ಶಾರ್ಜಾ

ಡಾಕ್ಟರಕ್ಕನ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಟಿಆರ್‌ಎಕ್ಸ್‌ಗೆ 32 ಇಂಚು ನೀರಿನ ಮಿತಿ ಎಂದು ಬರೆದಿದ್ದಾರೆ, ಅದೂ ಇಂಥದ್ದೇ ಅಂಕಿ.

ನಿಮ್ಮ ಮಗನಿಗೆ ಹೀಗೆ ಹೇಳಿ ಅಣ್ಣಾ. ರಾಪ್ಟರ್, ಟಿಆರ್‌ಎಕ್ಸ್ ಕೆಟ್ಟ ಗಾಡಿಗಳಲ್ಲ. ವಿಶಾಲವಾದ ಒಣ ಮರಳಿನಲ್ಲಿ ಜೋರಾಗಿ ಓಡಲಿ ಎಂದು ಎಂಜಿನಿಯರ್‌ಗಳು ಜೀವ ತೇದು ಮಾಡಿದ್ದು. ಆ ಕೆಲಸದಲ್ಲಿ ಅವುಗಳನ್ನು ಮೀರಿಸುವವರು ಕಡಿಮೆ. 2022ರಲ್ಲಿ ಡಕಾರ್ ರ‍್ಯಾಲಿ ಗೆದ್ದ ಹೈಲಕ್ಸ್ ಕೂಡ ಷೋರೂಂ ಹೈಲಕ್ಸ್ ಅಲ್ಲ. ಅದರಲ್ಲಿ ಇದ್ದದ್ದು ಪೆಟ್ರೋಲ್ ಟ್ವಿನ್ ಟರ್ಬೊ ವಿ6. ಹೆಸರು ಒಂದೇ, ಗಾಡಿ ಬೇರೆ. ಮಗನಿಗೆ ಈ ಆಸಕ್ತಿ ಇದ್ದರೆ ಮೆಕ್ಯಾನಿಕಲ್ ಓದಿಸಿ. ನಾನು ಬಿಡುವಿದ್ದಾಗ ಅವನ ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆ.

ಕೆಎ32_ಗ್ಯಾರೇಜ್

ಕೊನೆಗೊಂದು, ಇದನ್ನು ಷೋರೂಂನಲ್ಲಿ ಯಾರೂ ಹೇಳುವುದಿಲ್ಲ. ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಡಿಪಿಎಫ್ ಇರುತ್ತದೆ, ಹೊಗೆಯ ಮಸಿ ಹಿಡಿಯುವ ಜಾಲರಿ. ಎಂಜಿನ್ ಚೆನ್ನಾಗಿ ಕಾದು ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಆ ಮಸಿ ಸುಟ್ಟುಹೋಗುತ್ತದೆ. ಹೊಲಕ್ಕೆ ಹೋಗಿ ಬರುವ ಸಣ್ಣ ಓಡಾಟ, ಲೋ ಗೇರ್‌ನಲ್ಲಿ ತೆವಳುವುದು, ಇಷ್ಟೇ ಆದರೆ ಜಾಲರಿ ಕಟ್ಟಿಕೊಂಡು ಲೈಟು ಹತ್ತುತ್ತದೆ. ಆಗಾಗ ಹುಮನಾಬಾದ್ ರಸ್ತೆಯಲ್ಲಿ 70-80ರ ವೇಗದಲ್ಲಿ ಅರ್ಧ ತಾಸು ಓಡಿಸಿ. ಲೈಟು ಹತ್ತಿದ ಮೇಲೂ ಎಂಜಿನ್ ಆಫ್ ಮಾಡಿ ಆನ್ ಮಾಡಿ ಕಾಲ ತಳ್ಳಬೇಡಿ.

ಜೇವರ್ಗಿ_ತೊಗರಿ

ಎಲ್ಲರಿಗೂ ಮನಸಾರೆ ಧನ್ಯವಾದ. ಹೀಗೆ ತೀರ್ಮಾನಿಸಿದ್ದೇನೆ. ಎರಡೂ ಗಾಡಿಗಳ ಟೆಸ್ಟ್ ಡ್ರೈವ್‌ಗೆ ಅವ್ವನನ್ನೂ ಕರೆದೊಯ್ಯುತ್ತೇನೆ, ಹಿಂದಿನ ಸೀಟಿನಲ್ಲೂ ಕೂರಿಸಿ ಕೇಳುತ್ತೇನೆ. ಅವಳಿಗೆ ಆಗದಿದ್ದರೆ ಸೇಡಂ ಅಣ್ಣನ ದಾರಿ, ನಿಲ್ಲಿಸುವ ಜಾಗಕ್ಕೆ ಬೇರೆ ಏನಾದರೂ ನೋಡುತ್ತೇನೆ. ಆಯಿತು ಎಂದರೆ ಹೈಲಕ್ಸ್ ಮ್ಯಾನುವಲ್ ಕಡೆ ನನ್ನ ಒಲವು. ಡಿಫ್ ಲಾಕ್ ಮತ್ತು ಹತ್ತಿರದ ಸರ್ವಿಸ್, ಈ ಎರಡೇ ಕಾರಣ. ಸುರಪುರ ಅಣ್ಣಾ, ಬೇಜಾರು ಮಾಡಿಕೊಳ್ಳಬೇಡಿ.

ಗ್ಯಾರೇಜ್ ಅಣ್ಣಾ, ಮಡ್ ಟೈರನ್ನು ಬೇರೆ ರಿಮ್‌ಗೆ ಹಾಕಿಸಿ ಮಳೆಗಾಲಕ್ಕೆ ಮಾತ್ರ ಬದಲಿಸಬಹುದಾ? ಹೈಲಕ್ಸ್‌ನದು 265/60 ಆರ್18.

ಕೆಎ32_ಗ್ಯಾರೇಜ್

ಬದಲಿಸಬಹುದು, ಅದೇ ಒಳ್ಳೆಯದು. ಒಟ್ಟು ಎತ್ತರ ಕಂಪನಿ ಟೈರಿನಷ್ಟೇ ಇರಲಿ, ಇಲ್ಲದಿದ್ದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ. ಬಿಚ್ಚಿಟ್ಟ ಸೆಟ್ಟನ್ನು ಬಿಸಿಲು ಬೀಳದ ಕಡೆ ಇಡಿ. ಹಾಕಿದ ಮೇಲೆ 50 ಕಿ.ಮೀ. ಓಡಿಸಿ ನಟ್ ಮತ್ತೊಮ್ಮೆ ಬಿಗಿ ಮಾಡಿಸಿ. ಸೇಡಂ ರಸ್ತೆಯ ಕಡೆ ಬಂದರೆ ನಾನೇ ನೋಡಿ ಕೊಡುತ್ತೇನೆ.